ಲಾಭದಲ್ಲಿ ಪಾಲಿಲ್ಲದವನಿಗೆ ನಷ್ಟದಲ್ಲಿ ಪಾಲೇಕೆ?

ಕಾಫಿಯ ಬೆಲೆ ಕುಸಿದ ವರ್ಷಗಳಲ್ಲೆಲ್ಲ ನಮ್ಮ ಮಲೆನಾಡಿನಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ತೋಟವೇ ಮುಳುಗುತ್ತಿರುವಾಗ ಕೂಲಿ ಹೆಚ್ಚಿಸಿರೆಂದು ಕೇಳುವುದು, ಕೇಳಿದ್ದು ಸಿಗಲಿಲ್ಲವೆಂದು ಕೆಲಸ ನಿಲ್ಲಿಸಿ ಕೂರುವುದು ಉಂಡ ಮನೆಗೆ ಎರಡು ಬಗೆದಂತೆ.” ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಬೆಳೆಗಾರ ಭಕ್ತರ ಮನೆಗಳಲ್ಲಿ ಈ ಮಾತನ್ನು ನಾವು ಅನೇಕ ಸಲ ಕೇಳಿದ್ದೇವೆ. ಹೇಳುವವರು ಕೆಟ್ಟವರಲ್ಲ. ದಾನಧರ್ಮಗಳಲ್ಲಿ ಮುಂದಾದವರು; ಮಠದ ಪ್ರಸಾದ ನಿಲಯಕ್ಕೆ ವರ್ಷವರ್ಷವೂ ಅಕ್ಕಿ ಕಳುಹಿಸುವವರು. ಆದುದರಿಂದಲೇ ಈ ಮಾತನ್ನು ಉಪೇಕ್ಷಿಸುವಂತಿಲ್ಲ. ಸಜ್ಜನರ ಬಾಯಿಂದ ಬಂದ ಅನ್ಯಾಯದ ಮಾತು ದುರ್ಜನರ ಬಾಯಿಂದ ಬಂದುದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಬೆಲೆ ಏರಿದಾಗ ಯಾರಿಗೆ ಆ ಏರಿಕೆಯಲ್ಲಿ ಪಾಲು ಸಿಗಲಿಲ್ಲವೋ, ಬೆಲೆ ಇಳಿದಾಗ ಅವನ ತಲೆಯ ಮೇಲೆ ಇಳಿಕೆಯ ಹೊರೆಯನ್ನು ಹೊರಿಸುವ ಅಧಿಕಾರ ಯಾರಿಗೂ ಇಲ್ಲ. ಹಾಗೆ ಹೊರಿಸಲು ಹೊರಟಾಗ ಅವನು ಕೆಲಸ ನಿಲ್ಲಿಸಿದರೆ ಅದು ದ್ರೋಹವಲ್ಲ. ತನ್ನ ಹಕ್ಕನ್ನು ಕೇಳಲು ಅವನಿಗೆ ಉಳಿದಿರುವ ಕಟ್ಟಕಡೆಯ ಉಪಾಯ.

ಕಾಫಿಯ ಬೆಲೆಯನ್ನು ನಿರ್ಧರಿಸುವವರು ಯಾರು ಎಂಬುದನ್ನು ಮೊದಲು ವಿಚಾರಿಸೋಣ. 1929ರಲ್ಲಿ ಪ್ರಾರಂಭವಾದ ಜಾಗತಿಕ ಆರ್ಥಿಕ ಕುಸಿತದಲ್ಲಿ ಕಾಫಿ ಕೊಳ್ಳುವವರಿಲ್ಲದಂತಾಯಿತು. ಬ್ರೆಜಿಲ್ ದೇಶವು 1931ರಿಂದ 1944ರ ವರೆಗೆ ಸುಮಾರು 7 ಕೋಟಿ 80 ಲಕ್ಷ ಚೀಲ ಕಾಫಿಯನ್ನು ಸುಟ್ಟು, ಕಡಲಿಗೆ ಸುರಿದು ನಾಶಮಾಡಿತು. ಬೆಲೆಯನ್ನು ಎತ್ತಿ ನಿಲ್ಲಿಸಲು ಬೇರೆ ದಾರಿ ಅವರಿಗೆ ತೋರಲಿಲ್ಲ. ಮುಂದೆ 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದವು ದೇಶದೇಶಗಳಿಗೆ ರಫ್ತಿನ ಪಾಲನ್ನು ಗೊತ್ತುಮಾಡಿತು. 1989ರ ಜುಲೈ ತಿಂಗಳಲ್ಲಿ ಆ ಪಾಲಿನ ವ್ಯವಸ್ಥೆ ಮುರಿದುಬಿದ್ದಾಗ ಬೆಲೆ ಪಾತಾಳಕ್ಕಿಳಿಯಿತು. 1994ರಲ್ಲಿ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಗಿಡಗಳು ಕರಕಲಾದಾಗ ಬೆಲೆ ಒಮ್ಮೆಲೆ ಮೇಲೆದ್ದಿತು. ವಿಯೆಟ್ನಾಮ್ ದೇಶ ರೋಬಸ್ಟಾವನ್ನು ಹೇರಳವಾಗಿ ಬೆಳೆದು ಪೇಟೆಗೆ ಬಿಟ್ಟಾಗ ಮತ್ತೆ ಕುಸಿಯಿತು. 2001ರ ಕೊನೆಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 50 ಸೆಂಟಿಗೂ ಕೆಳಗೆ ಹೋಯಿತು. ಮೂವತ್ತು ವರ್ಷಗಳಲ್ಲಿ ಕಾಣದ ಇಳಿಕೆ ಅದು.

ಈ ಏರಿಳಿತಗಳಲ್ಲಿ ಮೂಡಿಗೆರೆಯ ಕೂಲಿಕಾರನ ಕೈವಾಡವೇನು? ಬ್ರೆಜಿಲ್ಲಿನಲ್ಲಿ ಹಿಮ ಸುರಿಸಿದವನು ಅವನೆ? ವಿಯೆಟ್ನಾಮಿನಲ್ಲಿ ಗಿಡ ನೆಟ್ಟವನು ಅವನೆ? ಅವನು ಎಂದಿನಂತೆ ಆಷಾಢದ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು, ಇಂಬಳ ಕಚ್ಚಿಸಿಕೊಂಡು ಕಳೆ ಕೊಚ್ಚಿದ್ದಾನೆ. ಜಾರುವ ಮರವೇರಿ ನೆರಳು ಬಿಡಿಸಿದ್ದಾನೆ. ಬೋರ್ಡೋ ದ್ರಾವಣದ ಡ್ರಮ್ಮು ಕಲಕಿದ್ದಾನೆ. ಅವನ ಹೆಂಡತಿ ಕಾರ್ತಿಕದ ಚಳಿಯಲ್ಲಿ ಸೊಂಟಕ್ಕೆ ಚೀಲ ಕಟ್ಟಿ ಹಣ್ಣು ಕುಯ್ದಿದ್ದಾಳೆ. ಬೆಲೆ 50 ಸೆಂಟು ಆದ ವರ್ಷ ಗಿಡವೇನೂ ಕುಳ್ಳಗಾಗಲಿಲ್ಲ, ಗುಡ್ಡವೇನೂ ಸಮತಟ್ಟಾಗಲಿಲ್ಲ. ದುಡಿಮೆ ಅಷ್ಟೇ ಇರುವಾಗ ದುಡಿಮೆಯ ಬೆಲೆ ಮಾತ್ರ ಏಕೆ ತಗ್ಗಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಲಿಲ್ಲವೆ?

“ನಷ್ಟವನ್ನು ಎಲ್ಲರೂ ಹಂಚಿಕೊಳ್ಳಬೇಡವೆ?” ಎಂದು ಕೇಳುವವರಿದ್ದಾರೆ. ಅವಶ್ಯ ಹಂಚಿಕೊಳ್ಳೋಣ. ಆದರೆ ಹಂಚಿಕೆಯ ಧರ್ಮ ಎರಡೂ ಕಡೆ ಇರಬೇಕಷ್ಟೆ. 2023ರ ಕೊನೆಯಲ್ಲಿ ಪೌಂಡಿಗೆ 2 ಡಾಲರಿನ ಆಸುಪಾಸಿನಲ್ಲಿದ್ದ ಅರೇಬಿಕಾ ಬೆಲೆ 2025ರ ಫೆಬ್ರುವರಿಯಲ್ಲಿ 4 ಡಾಲರನ್ನು ದಾಟಿತು. ಒಂದೂವರೆ ವರ್ಷ ತುಂಬುವುದರೊಳಗೆ ಬೆಲೆ ಇಮ್ಮಡಿಯಾಯಿತು. ಕೂಲಿ ಇಮ್ಮಡಿಯಾಯಿತೆ? ಆಳು ಸಿಗದ ಕಡೆ ಕುಯ್ಲಿನ ದರವನ್ನು ಕೆಲವರು ಏರಿಸಿರಬಹುದು. ಆದರೆ “ಈ ವರ್ಷ ಬೆಲೆ ಇಮ್ಮಡಿಯಾಗಿದೆ, ಇದರಲ್ಲಿ ನಿಮ್ಮದೂ ಪಾಲಿದೆ” ಎಂದು ಲೈನ್ ಮನೆಗಳ ಬಾಗಿಲಿಗೆ ಹೋಗಿ ಹೇಳಿದ ಧಣಿಗಳೆಷ್ಟು ಮಂದಿ? ಕೇಳಿದರೆ ಉತ್ತರ ಸಿದ್ಧವಾಗಿದೆ: “ಕೂಲಿಗೂ ಕಾಫಿಯ ಬೆಲೆಗೂ ಸಂಬಂಧವಿಲ್ಲ, ಕೂಲಿ ಒಪ್ಪಂದದಂತೆ, ಕಾನೂನಿನಂತೆ.” ಒಳ್ಳೆಯದು, ಒಪ್ಪಿದೆವು. ತುಟ್ಟಿಭತ್ಯೆಯನ್ನು ಕೂಡ ಗ್ರಾಹಕ ಬೆಲೆ ಸೂಚ್ಯಂಕಕ್ಕೆ, ಅಂದರೆ ಅಕ್ಕಿ ಬೇಳೆ ಎಣ್ಣೆಗಳ ಬೆಲೆಗೆ ಕಟ್ಟಿದೆಯೇ ಹೊರತು ಕಾಫಿಯ ಬೆಲೆಗಲ್ಲ. ಹಾಗಾದರೆ ಈ ಸಂಬಂಧವಿಲ್ಲದಿರುವಿಕೆ ಬೆಲೆ ಏರಿದ ವರ್ಷಕ್ಕೆ ಮಾತ್ರ ಅನ್ವಯಿಸಿ, ಬೆಲೆ ಇಳಿದ ವರ್ಷ ಹಠಾತ್ತನೆ ಸಂಬಂಧ ಹುಟ್ಟಿಕೊಳ್ಳುವುದು ಯಾವ ತರ್ಕಶಾಸ್ತ್ರ? ಏರುವಾಗ ಕಾನೂನು, ಇಳಿಯುವಾಗ ಕುಟುಂಬ! ಏರುವಾಗ ನೀನು ಆಳು, ಇಳಿಯುವಾಗ ನೀನು ಮನೆಯವನು! ಈ ಎರಡು ನಾಲಗೆಯ ವ್ಯವಹಾರವನ್ನು ನಾವು ನ್ಯಾಯವೆಂದು ಒಪ್ಪಲಾರೆವು.

ಇನ್ನು ಸಂಘಟನೆಯ ವಿಷಯ. ಕೂಲಿಕಾರರು ಸಂಘ ಕಟ್ಟಿದೊಡನೆ “ತೋಟದ ಶಾಂತಿ ಕೆಟ್ಟಿತು” ಎಂಬ ಕೂಗೇಳುತ್ತದೆ. ಆದರೆ ಸಂಘ ಕಟ್ಟುವ ವಿದ್ಯೆಯನ್ನು ಈ ಗುಡ್ಡಗಳಲ್ಲಿ ಮೊದಲು ಕಲಿಸಿದವರು ಯಾರು? ದಕ್ಷಿಣ ಭಾರತದ ಪ್ಲಾಂಟರುಗಳ ಸಂಯುಕ್ತ ಸಂಘ 1893ರಷ್ಟು ಹಿಂದೆಯೇ ಸ್ಥಾಪಿತವಾಯಿತು. 1930ರ ದಶಕದ ಕುಸಿತದಲ್ಲಿ ಬೆಳೆಗಾರರು ಒಟ್ಟಾಗಿ ಸರ್ಕಾರದ ಬಾಗಿಲು ತಟ್ಟಿದರು; 1935ರಲ್ಲಿ ಕಾಫಿ ಸೆಸ್ ಕಾಯಿದೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿಹೋದಾಗ ಮತ್ತೆ ಒಟ್ಟಾದರು. 1942ರ ಕಾಯಿದೆಯಿಂದ ಕಾಫಿ ಮಂಡಳಿಯೂ, ಎಲ್ಲರ ಬೆಳೆಯನ್ನು ಒಂದೆಡೆ ಸೇರಿಸಿ ಮಾರುವ ಪೂಲ್ ಪದ್ಧತಿಯೂ ನೆಲೆಗೊಂಡುವು. ಪೂಲ್ ಭಾರವೆನಿಸಿದಾಗ ಬೆಳೆಗಾರರು ಧ್ವನಿಯೆತ್ತಿದರು. 1992ರಿಂದ ಮುಕ್ತ ಮಾರಾಟಕ್ಕೆ ಹಂತಹಂತವಾಗಿ ಅವಕಾಶ ದೊರೆತು, 1996ರಲ್ಲಿ ಪೂಲ್ ಪೂರ್ಣವಾಗಿ ಕೊನೆಗೊಂಡಿತು. ಬೆಲೆ ನೆಲಕಚ್ಚಿದ ಬಳಿಕ 2002ರಲ್ಲಿ ಅವರ ಸಾಲಗಳನ್ನು ದೀರ್ಘಾವಧಿಯ ವಿಶೇಷ ಸಾಲವಾಗಿ ಮಾರ್ಪಡಿಸಲಾಯಿತು. 2010ರಲ್ಲಿ ಸಣ್ಣ ಬೆಳೆಗಾರರಿಗೆ ಸಾಲಪರಿಹಾರದ ಯೋಜನೆ ಬಂದಿತು.

ಇವುಗಳಲ್ಲಿ ಒಂದನ್ನಾದರೂ ನಾವು ತಪ್ಪೆನ್ನುವುದಿಲ್ಲ. ಕಷ್ಟ ಬಂದಾಗ ಒಟ್ಟಾಗುವುದು, ಒಟ್ಟಾಗಿ ಕೇಳುವುದು ಮನುಷ್ಯಧರ್ಮ. ನಮ್ಮ ಪ್ರಶ್ನೆ ಇಷ್ಟೆ: ಧಣಿ ಕೇಳಿದರೆ ಮನವಿ, ಆಳು ಕೇಳಿದರೆ ದಂಗೆ ಆಗುವುದು ಹೇಗೆ? ಬೆಳೆಗಾರನ ಸಾಲಕ್ಕೆ ಅವಧಿ ವಿಸ್ತರಿಸಿದಾಗ ಕೂಲಿಕಾರನು ಕಿರಾಣಿ ಅಂಗಡಿಯಲ್ಲಿ ಬರೆಸಿದ ಸಾಲಕ್ಕೆ ಯಾರು ಅವಧಿ ಕೊಟ್ಟರು? ಆ ಮುಗ್ಗಟ್ಟಿನ ವರ್ಷಗಳಲ್ಲಿ ತೋಟತೋಟಗಳಲ್ಲಿ ಗೊಬ್ಬರ ನಿಂತಿತು, ಕಸಿ ನಿಂತಿತು, ಅವುಗಳೊಡನೆ ಕೆಲಸದ ದಿನಗಳೂ ನಿಂತುವು. ಆ ದಿನಗಳ ಹಸಿವಿಗೆ ಪರಿಹಾರಧನವೆಂಬುದು ಯಾವ ಬಜೆಟ್ಟಿನಲ್ಲಿಯೂ ಕಾಣಿಸಲಿಲ್ಲ.

ಭೂಮಿಯ ಮಾತೂ ಹೀಗೆಯೇ. ಒತ್ತುವರಿಯಾಗಿರುವ ಸರ್ಕಾರಿ ಕಂದಾಯ ಭೂಮಿಯನ್ನು 25 ಎಕರೆಯ ಮಿತಿಯಲ್ಲಿ 30 ವರ್ಷಗಳ ಗುತ್ತಿಗೆಗೆ ಬೆಳೆಗಾರರಿಗೇ ಕೊಡಲು ಅನುಕೂಲವಾಗುವಂತೆ ರಾಜ್ಯದ ಕಂದಾಯ ಕಾನೂನನ್ನು 2022-23ರಲ್ಲಿ ತಿದ್ದಲಾಯಿತು. ಅದೇ ಗುಡ್ಡದಲ್ಲಿ ಮೂರು ತಲೆಮಾರು ದುಡಿದ ಕುಟುಂಬವೊಂದು ಮನೆ ಕಟ್ಟಿಕೊಳ್ಳಲು ಅಂಗೈಯಗಲದ ನಿವೇಶನಕ್ಕಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸುತ್ತಲೇ ಇದೆ. ಲೈನ್ ಮನೆಯ ಮರ್ಮವನ್ನು ಪಟ್ಟಣದ ವಾಚಕರು ಅರಿಯಬೇಕು. ಅದು ಕೆಲಸಕ್ಕೆ ಅಂಟಿಕೊಂಡ ಸೂರು. ಕೆಲಸ ಹೋದ ದಿನ ಸೂರೂ ಹೋಗುತ್ತದೆ. ಕಾರ್ಖಾನೆಯ ಕಾರ್ಮಿಕ ಮುಷ್ಕರ ಹೂಡಿದರೆ ಸಂಬಳ ಕಳೆದುಕೊಳ್ಳುತ್ತಾನೆ. ತೋಟದ ಕಾರ್ಮಿಕ ಮುಷ್ಕರ ಹೂಡಿದರೆ ಸಂಬಳವನ್ನೂ, ಮಕ್ಕಳು ಮಲಗುವ ನೆಲವನ್ನೂ ಪಣಕ್ಕಿಟ್ಟಿರುತ್ತಾನೆ. ಇಷ್ಟು ಗಂಡಾಂತರವನ್ನು ಯಾರಾದರೂ ವಿನೋದಕ್ಕಾಗಿ ಮೈಮೇಲೆ ಎಳೆದುಕೊಳ್ಳುವರೆ?

“ಹೊರಗಿನವರು ಬಂದು ಕಿವಿಯೂದುತ್ತಾರೆ, ಇಲ್ಲದಿದ್ದರೆ ನಮ್ಮ ಆಳುಗಳು ಒಳ್ಳೆಯವರೇ” ಎಂಬುದು ಮತ್ತೊಂದು ವಾದ. ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ. ನಮ್ಮ ಹಳೆಯ ಮೈಸೂರು ಸಂಸ್ಥಾನದಲ್ಲಿಯೇ, ಆ ಮಹಾ ಕುಸಿತದ ಪ್ರಾರಂಭದಲ್ಲಿ, 1930ರ ಏಪ್ರಿಲ್ ತಿಂಗಳಲ್ಲಿ ಕೋಲಾರ ಚಿನ್ನದ ಗಣಿಯ ಕಾರ್ಮಿಕರು ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ತಮ್ಮ ಬೆರಳಚ್ಚು ತೆಗೆದು ದಾಖಲೆ ಮಾಡುವ ನಿಯಮವನ್ನು ಅವರು ಒಪ್ಪಲಿಲ್ಲ. ಕಳ್ಳರ ಬೆರಳಚ್ಚು ತೆಗೆಯುವಂತೆ ದುಡಿಯುವವರ ಬೆರಳಚ್ಚು ತೆಗೆಯುವುದು ಅವಮಾನವೆಂದು ಭಾವಿಸಿದರು. ಆಗ ಅವರಿಗೆ ಮಾನ್ಯತೆ ಪಡೆದ ಸಂಘವೊಂದೂ ಇರಲಿಲ್ಲ. ಕಿವಿಯೂದಿದ್ದು ಅವರ ಮಾನವೇ.

ನಮ್ಮ ಕಾಲದ, ನಮ್ಮದೇ ಪಶ್ಚಿಮ ಘಟ್ಟದ ಉದಾಹರಣೆ ಬೇಕೆನ್ನುವವರು ಕೇರಳದ ಮುನ್ನಾರಿನ ಕಡೆ ನೋಡಲಿ. 2015ರ ಸೆಪ್ಟೆಂಬರಿನಲ್ಲಿ ಅಲ್ಲಿನ ಚಹಾ ತೋಟದ ಆಡಳಿತವು ಲಾಭ ಇಳಿದಿದೆಯೆಂಬ ಕಾರಣ ಹೇಳಿ ಬೋನಸ್ಸನ್ನು ಶೇಕಡ 10ಕ್ಕೆ ಇಳಿಸಿತು. ಎಲೆ ಕೀಳುವ ಸಾವಿರಾರು ಹೆಣ್ಣುಮಕ್ಕಳು ರಸ್ತೆಗಿಳಿದು ಹೆದ್ದಾರಿಯಲ್ಲಿ ಕುಳಿತರು. ಗಂಡಸರನ್ನೂ, ಹಳೆಯ ಕಾರ್ಮಿಕ ಸಂಘಗಳ ಮುಖಂಡರನ್ನೂ ಹತ್ತಿರ ಸೇರಿಸಲಿಲ್ಲ. ತಮ್ಮ ಗುಂಪಿಗೆ ‘ಪೆಂಪಿಳೈ ಒರುಮೈ’, ಅಂದರೆ ಹೆಂಗಸರ ಒಗ್ಗಟ್ಟು ಎಂದು ಹೆಸರಿಟ್ಟುಕೊಂಡರು. ಒಂಬತ್ತು ದಿನಗಳ ಬಳಿಕ ಬೋನಸ್ಸು ಶೇಕಡ 8.33, ಅದರ ಮೇಲೆ ಪ್ರೋತ್ಸಾಹಧನ ಶೇಕಡ 11.67, ಹೀಗೆ ಒಟ್ಟು ಶೇಕಡ 20 ಅವರಿಗೆ ದೊರೆಯಿತು. 232 ರೂಪಾಯಿಯಿದ್ದ ದಿನಗೂಲಿ ಅನಂತರದ ಮಾತುಕತೆಯಲ್ಲಿ 301 ರೂಪಾಯಿ ಆಯಿತು. ಇಲ್ಲಿ ಗಮನಿಸಬೇಕಾದುದು ಒಂದೇ. “ಕೊಡಲು ಸಾಧ್ಯವೇ ಇಲ್ಲ” ಎಂದಿದ್ದ ಮೊತ್ತವನ್ನು ಒಂಬತ್ತು ದಿನಗಳಲ್ಲಿ ಕೊಡಲು ಸಾಧ್ಯವಾಯಿತು. ಅಷ್ಟರೊಳಗೆ ಚಹಾದ ಪೇಟೆ ಬದಲಾಗಿರಲಿಲ್ಲ; ಕೇಳುವವರ ಧ್ವನಿ ಬದಲಾಗಿತ್ತು.

ಸಣ್ಣ ಬೆಳೆಗಾರರ ಕಷ್ಟ ನಮಗೆ ತಿಳಿಯದುದಲ್ಲ. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚಿನವು 10 ಹೆಕ್ಟೇರಿಗಿಂತ ಚಿಕ್ಕವು. ಎರಡು ಮೂರು ಎಕರೆಯ ಒಡೆಯ ತಾನೂ ತನ್ನ ಹೆಂಡತಿಯೂ ಆಳುಗಳ ಸಾಲಿನಲ್ಲಿ ನಿಂತು ಹಣ್ಣು ಕುಯ್ಯುತ್ತಾರೆ. ಬಿಳಿ ಕಾಂಡಕೊರಕ ಹೊಕ್ಕರೆ ಗಿಡ ಕೀಳಬೇಕು. ಹೂಮಳೆ ತಪ್ಪಿದರೆ ಫಸಲು ತಪ್ಪುತ್ತದೆ. ಕಾಡಾನೆ ನುಗ್ಗಿದರೆ ಹತ್ತು ವರ್ಷದ ಶ್ರಮ ಒಂದು ರಾತ್ರಿಯಲ್ಲಿ ಮಣ್ಣುಪಾಲು. ಇಂಥವನನ್ನು ಸಾವಿರ ಎಕರೆಯ ಕಂಪನಿಯ ಸಾಲಿನಲ್ಲಿ ನಿಲ್ಲಿಸುವುದು ತಪ್ಪು. ಆದರೆ ಅವನು ತನ್ನ ಎದುರಾಳಿ ಯಾರೆಂಬುದನ್ನು ಸರಿಯಾಗಿ ಗುರುತಿಸಬೇಕು. ಕೂಲಿಯನ್ನು 10 ರೂಪಾಯಿ ಕಡಿತಗೊಳಿಸಿದರೆ ನ್ಯೂಯಾರ್ಕಿನ ದರ ಒಂದು ಕಾಸೂ ಏರುವುದಿಲ್ಲ. ಬೆಳೆ ಕೈಸೇರಿದೊಡನೆ ಸಾಲದ ಒತ್ತಡಕ್ಕೆ ಸಿಕ್ಕಿದ ಬೆಲೆಗೆ ಮಾರಿ ಕಳೆದುಕೊಳ್ಳುವುದು ಆಳಿನ ಕೂಲಿಯಲ್ಲಿ ಉಳಿಸಿದುದಕ್ಕಿಂತ ಬಹುಪಾಲು ಹೆಚ್ಚು. ಅದಕ್ಕೆ ಮದ್ದು ಸಹಕಾರಿ ದಾಸ್ತಾನು, ಕಡಿಮೆ ಬಡ್ಡಿಯ ಸಾಲ, ಒಟ್ಟಾಗಿ ಮಾರುವ ವ್ಯವಸ್ಥೆ. ಇವುಗಳನ್ನು ಪಡೆಯುವ ಹೋರಾಟದಲ್ಲಿ ಕೂಲಿಕಾರ ಅವನ ಮಿತ್ರನಾಗಬಲ್ಲ. ತನಗಿಂತ ಬಡವನ ತಟ್ಟೆಯಿಂದ ತುತ್ತು ತೆಗೆದು ಬದುಕುತ್ತೇನೆಂದು ಹೊರಟವನಿಗೆ ಮಿತ್ರರು ಉಳಿಯುವುದಿಲ್ಲ.

“ಕುಯ್ಲಿನ ಕಾಲದಲ್ಲಿಯೇ ಕೆಲಸ ನಿಲ್ಲಿಸುತ್ತಾರಲ್ಲ, ಹಣ್ಣು ಉದುರಿಹೋಗುತ್ತದಲ್ಲ” ಎಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಆದರೆ ಮಳೆಗಾಲದಲ್ಲಿ ಕೂಲಿಕಾರ ಕೇಳಿದರೆ “ಬೆಳೆ ಕೈಗೆ ಬರಲಿ, ನೋಡೋಣ” ಎನ್ನುತ್ತೀರಿ. ಬೆಳೆ ಕೈಗೆ ಬಂದಾಗ ಕೇಳಿದರೆ “ಇದು ಕೇಳುವ ಕಾಲವೆ?” ಎನ್ನುತ್ತೀರಿ. ಬೇಸಗೆಯಲ್ಲಿ ಕೇಳಿದರೆ “ಕೆಲಸವೇ ಇಲ್ಲ” ಎನ್ನುತ್ತೀರಿ. ವರ್ಷದ ಹನ್ನೆರಡು ತಿಂಗಳಲ್ಲಿ ಕೇಳಲು ಒಂದು ತಿಂಗಳನ್ನು ನೀವೇ ಗೊತ್ತುಮಾಡಿ, ಆ ತಿಂಗಳಲ್ಲಿ ಕುಳಿತು ಮಾತಾಡಿ; ಕುಯ್ಲಿನಲ್ಲಿ ಮುಷ್ಕರದ ಪ್ರಸಂಗವೇ ಬರಲಾರದು.

ಇನ್ನು ನಮ್ಮವರಲ್ಲಿ ಕೆಲವರು ಕಾಯಕ ತತ್ತ್ವವನ್ನೇ ಮುಂದೊಡ್ಡುವುದುಂಟು. “ಕಾಯಕವೆಂದರೆ ಫಲದ ಆಸೆಯಿಲ್ಲದೆ ದುಡಿಯುವುದಲ್ಲವೆ? ಕೂಲಿಕಾರರಿಗೆ ನೀವಾದರೂ ಇದನ್ನು ಬೋಧಿಸಬಾರದೆ?” ಎಂದು ನಮ್ಮನ್ನೇ ಕೇಳಿದವರಿದ್ದಾರೆ. ಇದಕ್ಕೆ ನಾವು ಸ್ವಲ್ಪ ಕಟುವಾಗಿಯೇ ಉತ್ತರಿಸಬೇಕಾಗಿದೆ. ಶರಣರ ಕಾಯಕ ಬಿಟ್ಟಿ ಚಾಕರಿಯಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆದು ಮಾರಿ, ಬಂದ ಹಣದಿಂದ ದಾಸೋಹ ಮಾಡಿದರು; ಹಗ್ಗವನ್ನು ಪುಕ್ಕಟೆಯಾಗಿ ಯಾವ ಧಣಿಗೂ ಒಪ್ಪಿಸಲಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಒಪ್ಪದೆ ಹಿಂದಕ್ಕೆ ಕಳುಹಿಸಿದ ಪ್ರಸಂಗವನ್ನು ನೀವೆಲ್ಲ ಬಲ್ಲಿರಿ. ಆ ತಾಯಿಯ ಪ್ರಶ್ನೆ ಹೆಚ್ಚು ತಂದವನಿಗೆ ಹಾಕಿದ ಪ್ರಶ್ನೆ. ಮಡಕೆಯಲ್ಲಿ ಅಕ್ಕಿಯೇ ಇಲ್ಲದವನಿಗೆ ಅದನ್ನು ಹಾಕುವುದು ಲಕ್ಕಮ್ಮನವರಿಗೇ ಮಾಡುವ ಅಪಚಾರ. ಅದನ್ನು ಕೇಳಬೇಕಾದುದು ತುಂಬಿದ ಗೋದಾಮಿನ ಬಾಗಿಲಲ್ಲಿ ನಿಂತು. ಮಠಕ್ಕೆ ಕೊಟ್ಟ ಕಾಣಿಕೆ ಎಷ್ಟೇ ದೊಡ್ಡದಿರಲಿ, ಅದು ಕೂಲಿಯಲ್ಲಿ ಉಳಿಸಿದ ಹಣವಾಗಿದ್ದರೆ ದಾಸೋಹವೆನಿಸಲಾರದು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಬೆಲೆ ಕುಸಿದ ವರ್ಷ ಬೆಳೆಗಾರನು ಕೂಲಿ ಕಡಿತದ ಮಾತೆತ್ತುವ ಮೊದಲು ತನ್ನ ಲೆಕ್ಕದ ಪುಸ್ತಕವನ್ನು ಕೂಲಿಕಾರರ ಪ್ರತಿನಿಧಿಗಳ ಮುಂದಿಡಲಿ. ಏರಿದ ವರ್ಷ ಇಷ್ಟು ಪಾಲು, ಇಳಿದ ವರ್ಷ ಇಷ್ಟು ತಾಳ್ಮೆ ಎಂಬುದನ್ನು ಬರಹದಲ್ಲಿ ಒಪ್ಪಿಕೊಳ್ಳಲಿ. ಲೆಕ್ಕ ತೋರಿಸದೆ ಕಣ್ಣೀರು ಮಾತ್ರ ತೋರಿಸಿದರೆ ನಂಬುವವರಾರು? ಎರಡನೆಯದಾಗಿ, ಸೋರದ ಮನೆ, ಕುಡಿಯುವ ನೀರು, ಶೌಚಾಲಯ, ಔಷಧೋಪಚಾರ, ಕೂಸುಗಳನ್ನು ನೋಡಿಕೊಳ್ಳುವ ಶಿಶುಗೃಹ ಇವು ಲಾಭ ಬಂದ ವರ್ಷ ಹಂಚುವ ಮಿಠಾಯಿಯಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯೇ ಇವುಗಳನ್ನು ಮಾಲೀಕನ ಕರ್ತವ್ಯವೆಂದು ವಿಧಿಸಿತ್ತು. ಆ ಕಾಯಿದೆ 2020ರಲ್ಲಿ ಸಂಸತ್ತು ಅಂಗೀಕರಿಸಿದ ಕಾರ್ಮಿಕ ಸಂಹಿತೆಗಳಲ್ಲಿ ಲೀನವಾಗಿದೆ. ಹೆಸರು ಬದಲಾದ ಮಾತ್ರಕ್ಕೆ ಹೊಣೆ ಕರಗಿಹೋಗಬಾರದು. ಅಸ್ಸಾಮ್, ಬಂಗಾಳಗಳಿಂದ ಬಂದು ಈಗ ನಮ್ಮ ತೋಟಗಳಲ್ಲಿ ದುಡಿಯುತ್ತಿರುವವರಿಗೂ ಇವು ಸಲ್ಲಬೇಕು. ಇಲ್ಲಿಯ ಭಾಷೆ ಬಾರದವನೆಂದು ಅವನ ಹೊಟ್ಟೆ ಚಿಕ್ಕದಾಗಿರುವುದಿಲ್ಲ. ಆಳು ಸಿಗುವುದಿಲ್ಲವೆಂದು ಇಂದು ಗೋಳಿಡುವ ಧಣಿಗಳು, ಮುಗ್ಗಟ್ಟಿನ ವರ್ಷಗಳಲ್ಲಿ ಲೈನ್ ಮನೆಯ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದಾಗ ತಾವು ಏನು ಮಾಡುತ್ತಿದ್ದೆವೆಂದು ಒಮ್ಮೆ ನೆನೆದುಕೊಳ್ಳಲಿ.

ಮೂರನೆಯ ಮಾತು ಕೂಲಿಕಾರ ಬಂಧುಗಳಿಗೆ. ಮುಷ್ಕರ ನಿಮ್ಮ ಹಕ್ಕು, ಹಕ್ಕಿಗೆ ನಿಯಮವುಂಟು. ಈಗ ಜಾರಿಗೆ ಬಂದಿರುವ ಸಂಹಿತೆಯಂತೆ 14 ದಿನ ಮೊದಲೇ ತಿಳಿವಳಿಕೆ ಕೊಡಬೇಕು. ಸಸಿಮಡಿಗೆ ನೀರು ನಿಲ್ಲಿಸಬೇಡಿ, ಕಣದಲ್ಲಿ ಹರಡಿದ ಬೀಜವನ್ನು ಮಳೆಗೆ ಬಿಡಬೇಡಿ, ಕೆಲಸಕ್ಕೆ ಹೋದ ಬಡವನ ಮೇಲೆ ಕೈಮಾಡಬೇಡಿ. ಗಿಡ ಕಡಿದ ದಿನ ನಿಮ್ಮ ನ್ಯಾಯದ ಬೇರನ್ನೂ ಕಡಿದಂತಾಗುತ್ತದೆ.

ಕಡೆಯದಾಗಿ ಶ್ರೀಮಠದ ಹಳೆಯ ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ತೋಟದ ಒಡೆಯರಿದ್ದೀರಿ, ರೈಟರುಗಳಿದ್ದೀರಿ, ಬ್ಯಾಂಕು, ಕಂದಾಯ, ಕಾರ್ಮಿಕ ಇಲಾಖೆಗಳ ಅಧಿಕಾರಿಗಳಿದ್ದೀರಿ. ಲೈನ್ ಮನೆಯಿಂದ ಬಂದು ಓದಿ ಮುಂದೆ ಬಂದವರೂ ಇದ್ದೀರಿ. ಪ್ರಸಾದ ನಿಲಯದ ಪಂಕ್ತಿಯಲ್ಲಿ ನೀವೆಲ್ಲ ಒಂದೇ ಸಾಲಿನಲ್ಲಿ ಕುಳಿತು ಉಂಡವರು. ಅಲ್ಲಿ ಬರಗಾಲದ ವರ್ಷ ಸಾರು ತೆಳ್ಳಗಾಗಿದ್ದರೆ ಎಲ್ಲರ ತಟ್ಟೆಯಲ್ಲಿಯೂ ತೆಳ್ಳಗಾಗುತ್ತಿತ್ತು. ಒಬ್ಬನಿಗೆ ಮಾತ್ರ ತೆಳುವಾಗಿ, ಇನ್ನೊಬ್ಬನಿಗೆ ಗಟ್ಟಿಯಾಗಿ ಬಡಿಸಿದ್ದನ್ನು ನೀವು ಕಂಡಿಲ್ಲ. ಆ ಒಂದು ಪಾಠವನ್ನು ತೋಟದ ಲೆಕ್ಕಕ್ಕೂ ಅನ್ವಯಿಸಿರಿ.

ಕಾಫಿಯ ಬೆಲೆ ಈಗ ಏರಿ ನಿಂತಿದ್ದರೂ ನಾಳೆ ಮತ್ತೆ ಇಳಿಯದೆ ಇರದು; ನೂರು ವರ್ಷಗಳ ಕಥೆ ಅದನ್ನೇ ಹೇಳುತ್ತದೆ. ಮುಂದಿನ ಕುಸಿತದಲ್ಲಿ ಕೂಲಿಕಾರನ ತಾಳ್ಮೆಯನ್ನು ಬಯಸುವವರು ಇಂದಿನ ಏರಿಕೆಯಲ್ಲಿ ಅವನ ಪಾಲನ್ನು ಕೊಟ್ಟು ಆ ತಾಳ್ಮೆಯನ್ನು ಸಂಪಾದಿಸಿಕೊಳ್ಳಲಿ. ಹಾಗೆ ಮಾಡದೆ, ಬೆಲೆ ಬಿದ್ದ ದಿನ ಅವನು ಕತ್ತಿ ಬುಟ್ಟಿ ಕೆಳಗಿಟ್ಟು ಗೇಟಿನ ಮುಂದೆ ಕುಳಿತನೆಂದು ನಮ್ಮಲ್ಲಿಗೆ ದೂರು ತರಬೇಡಿರಿ. ತಂದರೆ, ಬೆಲೆ ಏರಿದ್ದ ವರ್ಷದ ಲೆಕ್ಕವನ್ನು ನಾವು ಮೊದಲು ಕೇಳುತ್ತೇವೆ.